ನಾಲ್ಕು ಗಾಲಿಯ ಸ್ಕೂಟರಿಗೆ ಹೊಸ ಸೈಲೆನ್ಸರ್

ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಮನೆ ತಿಕೋಟಾದಲ್ಲಿ, ಕೆಲಸ ಕರೆದಲ್ಲಿ. ಬಬಲೇಶ್ವರದ ಹೊಲಿಗೆ ತರಬೇತಿ ಕೇಂದ್ರದಲ್ಲಿರುವ ಯಂತ್ರಗಳೆಲ್ಲ ಒಂದಲ್ಲ ಒಂದು ದಿನ ನನ್ನ ಮುಂದೆ ಬಿಚ್ಚಿಕೊಂಡು ಕೂತಿವೆ. ನಿಡೋಣಿಯಲ್ಲಿ, ಸುತ್ತಲಿನ ತೋಟದ ವಸ್ತಿಗಳಲ್ಲಿ ಮನೆಯಲ್ಲೇ ಬ್ಲೌಸು ಹೊಲಿಯುವ ಹೆಣ್ಣುಮಕ್ಕಳು ಫೋನು ಮಾಡಿ, "ಅಕ್ಕಾರ, ಮಷಿನ್ ಹೊಲಿಗಿ ಬಿಡಾಕತ್ತೈತ್ರಿ, ನಾಳೆ ಮದವಿ ಬಟ್ಟಿ ಕೊಡೂದೈತಿ" ಎಂದರೆ ಚೀಲ ಹೆಗಲಿಗೆ ಹಾಕಿ ಹೊರಡುತ್ತೇನೆ. ಹೊರಡುವುದೆಂದರೆ ಸ್ಕೂಟರ್ ಮೇಲೆ. ಸಣ್ಣವಳಿದ್ದಾಗ ಪೋಲಿಯೊ ಬಂದು ನನ್ನ ಎಡಗಾಲು ಸೊರಗಿದೆ. ಹಿಂದಿನ ಗಾಲಿಯ ಅಕ್ಕಪಕ್ಕ ಇನ್ನೆರಡು ಸಣ್ಣ ಗಾಲಿ ಹಚ್ಚಿಸಿದ, ಗೇರಿಲ್ಲದ ಹಳೆಯ ಸ್ಕೂಟರ್ ನನ್ನದು. ಕಾಲು ಕೊಡಬೇಕಾಗಿದ್ದದ್ದನ್ನು ಅದೇ ಕೊಟ್ಟಿದೆ ಎಂದು ಜನ ಹೇಳುತ್ತಾರೆ. ನನಗೆ ಹಾಗನ್ನಿಸಿಲ್ಲ. ಅದು ನನ್ನ ಗಾಡಿ, ಅಷ್ಟೆ. ಅದನ್ನು ನಾನು ಓಡಿಸುತ್ತೇನೆ.

ಆ ಗಾಡಿಯಲ್ಲಿ ಒಂದೇ ಒಂದು ಕಾಟವಿತ್ತು, ಸೈಲೆನ್ಸರ್. ಪಕ್ಕದ ಗಾಲಿಗಳನ್ನು ಕೂಡಿಸುವಾಗ ಅಡ್ಡ ಹಾಯುವ ಕಬ್ಬಿಣದ ಪಟ್ಟಿಗೆ ಜಾಗ ಬೇಕೆಂದು, ಕಂಪನಿಯ ಸೈಲೆನ್ಸರನ್ನು ಅದರ ಜಾಗದಿಂದ ಕಿತ್ತು ಸ್ವಲ್ಪ ಓರೆ ಮಾಡಿ, ಬಾಲದ ತುದಿಯನ್ನು ಗಾಲಿಯ ಕಬ್ಬಿಣಕ್ಕೇ ಬಿಗಿದಿದ್ದರು. ಹಾಗೆ ಬಿಗಿದ ಮೇಲೆ ಅದರ ಕುತ್ತಿಗೆ ಬಿರುಕು ಬಿಡುವುದು, ನಾನು ವೆಲ್ಡಿಂಗ್ ಮಾಡಿಸುವುದು, ಮತ್ತೆ ಬಿರುಕು ಬಿಡುವುದು. ರಸ್ತೆಯ ಪ್ರತಿ ಉಬ್ಬಿಗೂ ಟಣ್ ಎನ್ನುತ್ತಿತ್ತು. ತರಬೇತಿ ಕೇಂದ್ರದ ಹುಡುಗಿಯರು ನಾನು ಗೇಟು ದಾಟುವ ಮೊದಲೇ ಯಂತ್ರಗಳ ಮೇಲಿನ ಹೊದಿಕೆ ತೆಗೆದು ಕಾಯುತ್ತಿದ್ದರು. ಅವರ ಬಾಯಲ್ಲಿ ನಾನು "ಡಬ್ಬಿ ಗಾಡಿ ಅಕ್ಕಾರು." ಪ್ರೀತಿಯಿಂದಲೇ ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಯಂತ್ರದ ಸದ್ದು ಕೇಳಿಯೇ ರೋಗ ಹೇಳುವವಳು ತನ್ನ ಗಾಡಿಯನ್ನು ಆ ಸದ್ದಿನಲ್ಲಿ ಓಡಿಸುವುದು ನನಗೆ ಒಳಗೊಳಗೇ ಚುಚ್ಚುತ್ತಿತ್ತು.

ಹೋದ ಬೇಸಿಗೆಯಲ್ಲಿ ನಿಡೋಣಿಯ ದಾರಿಯಲ್ಲಿ ಅದು ಪೂರ್ತಿ ಕೈಕೊಟ್ಟಿತು. ಕುತ್ತಿಗೆ ಹರಿದು, ಮುಂದಿನ ತುದಿ ರಸ್ತೆಗೆ ತಾಗಿ, ಕಿಡಿ ಹಾರಿಸುತ್ತಾ ಎಳೆದುಕೊಂಡು ಬಂತು. ಗಾಡಿ ನಿಲ್ಲಿಸಿದೆ. ಬಿಸಿ ಕಬ್ಬಿಣ ಮುಟ್ಟುವ ಹಾಗಿರಲಿಲ್ಲ. ದ್ರಾಕ್ಷಿ ತೋಟದಿಂದ ಬರುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿ, ತಲೆಯ ಮೇಲಿನ ಗಂಟು ಇಳಿಸಿ, ತನ್ನ ನೀರಿನ ಬಾಟಲಿಯಿಂದ ಒಂದು ಗೋಣಿಚೀಲವನ್ನು ತೋಯಿಸಿ ಕೊಟ್ಟಳು. ಆ ಹಸಿ ಚೀಲದಲ್ಲಿ ಹಿಡಿದು ಎತ್ತಿ, ನನ್ನ ಚೀಲದಲ್ಲಿದ್ದ ತಂತಿಯಿಂದ ಇಬ್ಬರೂ ಸೇರಿ ಕಟ್ಟಿದೆವು.

"ಎಷ್ಟ ದಿನಾ ಹಿಂಗ ಕಟಗೊಂಡ ಅಡ್ಡಾಡ್ತಿ ಯವ್ವಾ?" ಎಂದಳು.

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಅಲ್ಲಿಂದ ನಾನು ತಿಕೋಟಾಕ್ಕೆ ತಿರುಗಲಿಲ್ಲ. ಬೆಂಗಾವಲಿಲ್ಲದ ಮೆರವಣಿಗೆಯ ಹಾಗೆ ಗುಡುಗುತ್ತಾ ನೇರ ವಿಜಯಪುರಕ್ಕೆ ಹೋದೆ.

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನಮ್ಮ ಚಾಚಾನ ಗ್ಯಾರೇಜಿದೆ. ಅವನು ನನಗೆ ಸಂಬಂಧಿಯಲ್ಲ. ಹದಿಹರೆಯದಲ್ಲಿ ಈ ಗಾಡಿ ಕಲಿತಾಗಿನಿಂದ ಅವನನ್ನು ಚಾಚಾ ಎನ್ನುತ್ತೇನೆ, ಅವನು ನನ್ನನ್ನು ತಂಗಿ ಎನ್ನುತ್ತಾನೆ. ವಯಸ್ಸಾಗಿದೆ, ಸೊಂಟ ಬಗ್ಗುವುದಿಲ್ಲ, ಆದರೂ ದಿನಾ ಬಂದು ಬಾಗಿಲು ತೆರೆಯುತ್ತಾನೆ. ನನ್ನ ಗಾಡಿಯ ಕೆಳಗೆ ಟಾರ್ಚು ಹಿಡಿದು ನೋಡಿ ತಲೆ ಅಲ್ಲಾಡಿಸಿದ.

"ಇನ್ನ ಇದಕ್ಕ ವೆಲ್ಡಿಂಗ್ ಹಿಡಿಯಂಗಿಲ್ಲ ತಂಗಿ. ತಗಡ ಎಲ್ಲಿ ಉಳದೈತಿ? ಬರೇ ತುಕ್ಕ."

"ಕಂಪನೀದ ಹೊಸಾದ ತರಿಸೂಣು?"

"ತರಸಬಹುದು. ಕೂಡಸೂದೆಲ್ಲಿ? ಈ ಗಾಲಿ ಕಬ್ಬಣ ಅಡ್ಡ ಬರತೈತಲ್ಲ. ಮತ್ತ ಹಿಂಗ ವಾಂಕಡಿ ಮಾಡಿ ಕಟ್ಟೂದು, ಮತ್ತ ಮುರಿಯೂದು."

ಆಗ ಗೋಡೆಯ ಮೇಲೆ ನನ್ನ ಕಣ್ಣು ಬಿತ್ತು. ಹಳೆಯ ಟೈರುಗಳ ಮೇಲ್ಗಡೆ ಮೊಳೆಗೆ ಒಂದು ಸೈಲೆನ್ಸರ್ ನೇತಾಡುತ್ತಿತ್ತು. ತೆಳುವಾದ ಸ್ಟೀಲ್ ಕೊಳವೆ, ಎಂಜಿನಿನ ಕೆಳಗಿಂದ ಬಾಗಿ ಮೇಲಕ್ಕೇರುವ ಆಕಾರ, ತುದಿಯಲ್ಲಿ ಒಂದು ಗಿಡ್ಡ ಡಬ್ಬಿ. ಅಡ್ಡ ಹಾಯುವ ಕಬ್ಬಿಣದ ಮೇಲಿಂದ ಅದು ಆರಾಮಾಗಿ ಹಾದುಹೋಗುತ್ತದೆ ಎಂದು ನೋಡಿದ ಕೂಡಲೇ ಹೊಳೆಯಿತು.

"ಅದೇನ್ರಿ ಚಾಚಾ?"

"ಅದಾ? ಹುಡುಗೂರ ಹುಚ್ಚು. ಕಾಲೇಜ್ ಹುಡುಗ ಒಬ್ಬಾವ ಹಾಕ್ಕೊಂಡಿದ್ದ. ಪೊಲೀಸ್ರು ಹಿಡದ ಮ್ಯಾಲ ಬಿಚ್ಚಿ ಇಲ್ಲೇ ಬಿಟ್ಟ ಹೋಗ್ಯಾನ."

"ನನ್ನ ಗಾಡಿಗೆ ಬರತೈತೇನ್ರಿ?"

ಚಾಚಾ ನಕ್ಕ. ಬೀಡಿ ಬಾಯಿಂದ ತೆಗೆದು ಇನ್ನೊಮ್ಮೆ ನಕ್ಕ. "ಗಾಡಿ ಅದ ಜಾತೀದು, ಮುಂದಿನ ತುದಿ ಕೂಡತೈತಿ. ಆದ್ರ ನೀ ಅಕ್ಕಾರ ಅನಿಸ್ಕೊಂಡಾಕಿ. ಇದನ್ನ ಹಾಕ್ಕೊಂಡು ಢಬ ಢಬ ಅನಸ್ಕೋತ ತಿರಗತಿಯೇನ? ಮಂದಿ ಏನಂತಾರ?"

"ಮಂದಿ ಈಗೇನ ಅನ್ನಾಕತ್ತಾರ, ಕೇಳ್ರಿ. ಡಬ್ಬಿ ಗಾಡಿ ಅಂತಾರ."

"ನನ್ನ ಕೈಲಿ ಆಗೂದಿಲ್ಲ ತಂಗಿ. ಹಿಂದಿನ ತುದಿ ಎಲ್ಲಿ ಬಿಗೀಬೇಕಂತ ಕೆಳಗ ಮಕ್ಕೊಂಡ ನೋಡಬೇಕು. ಈ ಸೊಂಟಾ ತಗೊಂಡು ನಾ ಎಲ್ಲಿ ಮಕ್ಕೋಳ್ಳಿ?"

"ನೀವ್ಯಾಕ ಮಕ್ಕೋತೀರಿ? ಜಾಗಾ ಕೊಡ್ರಿ, ಪಾನಾ ಕೊಡ್ರಿ. ನಾನ ಮಾಡ್ತೀನಿ."

ಅವನು ನನ್ನ ಮುಖ ನೋಡಿದ. ಆಮೇಲೆ ಹಳೆಯ ಬ್ಯಾನರೊಂದನ್ನು ನೆಲಕ್ಕೆ ಹಾಸಿ, ನಟ್ಟು ಬಿಚ್ಚುವ ಪಾನಾಗಳ ಡಬ್ಬಿಯನ್ನು ಅದರ ಮೇಲಿಟ್ಟ.

ನೆಲದ ಮೇಲೆ ಕೂತು ಕೆಲಸ ಮಾಡುವುದು ನನಗೆ ಹೊಸತಲ್ಲ. ಯಂತ್ರದ ತಲೆ ಬಿಚ್ಚಿದಾಗ ಹಾಗೆಯೇ ಕೂರುತ್ತೇನೆ, ಎಡಗಾಲು ಚಾಚಿ, ಬಲಗಾಲು ಮಡಚಿ. ನಿಂತು ದುಡಿಯುವವರಿಗೆ ಕಾಣದ್ದು ನೆಲದಿಂದ ಕಾಣುತ್ತದೆ. ಮೊದಲು ಹಳೆಯದನ್ನು ಬಿಚ್ಚಬೇಕಿತ್ತು. ಎಂಜಿನಿಗೆ ಹಿಡಿದಿದ್ದ ಎರಡು ನಟ್ಟುಗಳು ತುಕ್ಕು ಹಿಡಿದು ಬೋಲ್ಟಿನೊಂದಿಗೆ ಒಂದಾಗಿದ್ದವು. ಜೋರು ಮಾಡಿದರೆ ಬೋಲ್ಟೇ ಮುರಿಯುತ್ತದೆ, ಮುರಿದರೆ ಎಂಜಿನನ್ನೇ ಲೇಥಿಗೆ ಒಯ್ಯಬೇಕು. ಡೀಸೆಲ್ ಸುರಿದು ಬಿಟ್ಟೆ. ಚಹಾ ಕುಡಿದೆ. ಸುತ್ತಿಗೆಯಿಂದ ಮೆಲ್ಲಗೆ ಬಡಿದೆ, ಮತ್ತೆ ಡೀಸೆಲ್ ಹಾಕಿದೆ. ಪಾನಾವನ್ನು ಒಂದು ಕೂದಲಿನಷ್ಟು ಬಿಚ್ಚುವ ಕಡೆಗೆ, ಒಂದು ಕೂದಲಿನಷ್ಟು ಬಿಗಿಯುವ ಕಡೆಗೆ ಆಡಿಸುತ್ತಾ ಹೋದೆ. ಹಳೆಯ ಯಂತ್ರಗಳ ಸ್ಕ್ರೂ ತೆಗೆಯುವುದು ಹೀಗೆಯೇ. ಕಡೆಗೆ ಕಿರ್ ಎಂದು ಬಿಟ್ಟುಕೊಂಡಿತು. ಕಿವಿಗೆ ಅಷ್ಟು ಹಿತವಾದ ಸದ್ದನ್ನು ಆ ಬೇಸಿಗೆಯಲ್ಲಿ ನಾನು ಇನ್ನೊಂದು ಕೇಳಲಿಲ್ಲ.

ಮುಂದಿನ ತುದಿಗೆ ಹೊಸ ತಾಮ್ರದ ಉಂಗುರ ಹಾಕಿ ಹೊಸ ಕೊಳವೆ ಕೂಡಿಸಿದೆ. ಚಾಚಾ ಹೇಳಿದ ಹಾಗೆ ಸಲೀಸಾಗಿ ಕೂತಿತು. ತೊಡಕಿದ್ದದ್ದು ಹಿಂದಿನ ತುದಿಯಲ್ಲಿ. ಮಿಠಾಯಿ ಡಬ್ಬಿಯ ರಟ್ಟು ತಗೊಂಡು, ಬ್ಲೌಸಿಗೆ ಪೇಪರ್ ಕಟಿಂಗ್ ಮಾಡುವ ಹಾಗೆ ಅಳತೆ ಹಿಡಿದು ಕತ್ತರಿಸಿ, ಸೈಲೆನ್ಸರ್ ಹಿಡಿಯುವ ಪಟ್ಟಿಯ ಮಾದರಿ ಮಾಡಿದೆ. ಪಕ್ಕದ ವೆಲ್ಡಿಂಗ್ ಅಂಗಡಿಯವನು ಅದನ್ನು ಕಬ್ಬಿಣದ ಮೇಲಿಟ್ಟು ಗೀಚಿ ಹಾಗೆಯೇ ಕತ್ತರಿಸಿಕೊಟ್ಟ. ಮೊದಲಿದ್ದ ಜಾಗವೇ ಇರಲಿ ಎಂದು, ಆ ಪಟ್ಟಿಯನ್ನು ಗಾಲಿಯ ಕಬ್ಬಿಣಕ್ಕೆ ಬಿಗಿದೆ. ಚೆಂದ ಕೂತಿತು. ನಾನು ಖುಷಿಯಿಂದ ಹಿಂದಕ್ಕೆ ಸರಿದೆ.

"ನೋಡೂಣು ತಡಿ," ಎಂದು ಚಾಚಾ ಸೀಟಿನ ಮೇಲೆ ಎರಡೂ ಕೈ ಊರಿ ಭಾರ ಬಿಟ್ಟ.

ನಾನಿನ್ನೂ ನೆಲದ ಮೇಲೇ ಇದ್ದೆ. ಸೀಟು ಇಳಿದಾಗ ಎಂಜಿನ್ ಒಂದು ಕಡೆ ಹೊರಳಿತು, ಗಾಲಿಯ ಕಬ್ಬಿಣ ಇದ್ದಲ್ಲೇ ಇತ್ತು. ನಡುವೆ ಹೊಸ ಕೊಳವೆ ಬಿಲ್ಲಿನಂತೆ ಬಿಗಿಯಿತು.

"ಇನ್ನೊಮ್ಮೆ ಒತ್ರಿ ಚಾಚಾ."

ಒತ್ತಿದ. ಅದೇ ಆಯಿತು. ಇಷ್ಟು ವರ್ಷ ಕುತ್ತಿಗೆ ಯಾಕೆ ಮುರಿಯುತ್ತಿತ್ತೆಂದು ಈಗ ಕಣ್ಣೆದುರೇ ಇತ್ತು. ಈ ಸ್ಕೂಟರುಗಳಲ್ಲಿ ಎಂಜಿನ್ ಹಿಂದಿನ ಗಾಲಿಯ ಜೊತೆ ಮೇಲೆ ಕೆಳಗೆ ಆಡುತ್ತದೆ. ಸೈಲೆನ್ಸರಿನ ಒಂದು ತುದಿ ಆಡುವ ಎಂಜಿನಿಗೆ, ಇನ್ನೊಂದು ತುದಿ ಆಡದ ಕಬ್ಬಿಣಕ್ಕೆ. ಎಳೆದರೆ ಹಿಗ್ಗುವ ಬಟ್ಟೆಗೆ ಹಿಗ್ಗದ ಅಂಚು ಹೊಲಿದರೆ ಮೊದಲ ಸಲ ಕೈ ಎತ್ತಿದಾಗಲೇ ಹೊಲಿಗೆ ಹರಿಯುವುದಿಲ್ಲವೇ, ಹಾಗೆ.

"ಚಾಚಾ, ಇದನ್ನ ಗಾಲಿ ಕಬ್ಬಣಕ್ಕ ಬಿಗೀಬಾರದ್ರಿ. ಎರಡೂ ಕಡೆ ಎಂಜಿನ್ನಿಗೇ ಬಿಗೀಬೇಕು. ಅದು ಆಡಿದ್ರ ಇದೂ ಕೂಡಿ ಆಡಬೇಕು."

ಚಾಚಾ ಗೋಡೆ ಹಿಡಿದುಕೊಂಡು, ಸೊಂಟದ ನೋವನ್ನೂ ಮರೆತು ಅರ್ಧ ಬಗ್ಗಿದ. ನಾನು ತೋರಿಸಿದ ಕಡೆ ನೋಡಿದ. "ಅರೆ," ಎಂದ. "ವೆಲ್ಡಿಂಗ್ ಮಾಡಸ್ಕೋತನ ಬಂದೀವಿ. ಇದನ್ನ ನೋಡೇ ಇಲ್ಲಲ್ಲ ನಾವು."

ಇನ್ನೊಂದು ರಟ್ಟು ಕತ್ತರಿಸಿದೆ. ಈ ಸಲದ ಪಟ್ಟಿ ಉದ್ದವಾಗಿ, ಮೊಣಕೈಯಂತೆ ಬಾಗಿ, ಎಂಜಿನಿನ ಹಿಂಭಾಗದ ಬೋಲ್ಟಿಗೆ ಹೋಗಿ ಸೇರುವಂತಿತ್ತು. ಸಂಜೆಯ ಹೊತ್ತಿಗೆ ಅದು ಕೂತಿತು. ಚಾಚಾ ಸೀಟು ಒತ್ತಿದ. ಎಂಜಿನ್ ಆಡಿತು, ಸೈಲೆನ್ಸರೂ ಜೊತೆಗೆ ಆಡಿತು, ಗಾಲಿಯ ಕಬ್ಬಿಣಕ್ಕೂ ಅದಕ್ಕೂ ನಡುವೆ ನನ್ನ ಬೆರಳು ಹೋಗುವಷ್ಟು ಜಾಗ ಉಳಿದೇ ಇತ್ತು.

ಆಮೇಲೆ ಗಾಡಿ ಚಾಲೂ ಮಾಡಿದೆ. ಅಬ್ಬಾ! ಓಣಿಗೆ ಓಣಿಯೇ ಹೊರಗೆ ಬಂತು. ಎದುರಿನ ಬಟ್ಟೆ ಅಂಗಡಿಯವರು ಥಾನು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಬಿಸಿಲುಮಚ್ಚಿನ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು. ನಾಚಿಕೆಯಾಯಿತು, ನಿಜ. ಆದರೆ ಒಂದು ಕ್ಷಣ ಆಕ್ಸಿಲರೇಟರ್ ಬಿಡಲು ಮನಸ್ಸಾಗಲಿಲ್ಲ ಎಂಬುದೂ ನಿಜ. ನನ್ನ ಗಾಡಿ ಅಯ್ಯೋ ಪಾಪ ಅನ್ನಿಸಿಕೊಳ್ಳುತ್ತಿದ್ದದ್ದು. ಈಗ ಅದು ಗರ್ಜಿಸುತ್ತಿತ್ತು.

ಆದರೂ ಆ ಸದ್ದು ಇಟ್ಟುಕೊಳ್ಳುವಂಥದ್ದಲ್ಲ. ತರಬೇತಿ ಕೇಂದ್ರದ ಪಕ್ಕದಲ್ಲೇ ಸಾಲೆಯಿದೆ, ದಾರಿಯಲ್ಲಿ ಆಸ್ಪತ್ರೆಯಿದೆ. ಡಬ್ಬಿಯ ಬಾಯಲ್ಲಿ ಇಣುಕಿದರೆ ಒಳಗೆ ಖಾಲಿ. ಸದ್ದು ತಗ್ಗಿಸುವ ತೂತಿನ ಕೊಳವೆಯನ್ನು ಆ ಕಾಲೇಜು ಹುಡುಗ ತೆಗೆದೆಸೆದಿದ್ದ. ಲೇಥಿನಲ್ಲಿ ಅಂಥದೇ ಒಂದು ಮಾಡಿಸಿದೆವು. ಅದಕ್ಕೆ ಸುತ್ತುವ ಗಾಜಿನ ಉಣ್ಣೆಯನ್ನು ಚಾಚಾ ಕೊಟ್ಟ. ಕೈಗೆ ಚುಚ್ಚುತ್ತದೆಂದು ಪ್ಲಾಸ್ಟಿಕ್ ಚೀಲಗಳನ್ನು ಕೈಗವಸಿನ ಹಾಗೆ ಹಾಕಿಕೊಂಡು, ದಿಂಬಿಗೆ ಹತ್ತಿ ತುಂಬುವಂತೆ ಒಂದೇ ಸಮನಾಗಿ, ಎಲ್ಲೂ ಗಂಟಾಗದಂತೆ ಸುತ್ತಿದೆ. ಗಡುಸಾಗಿ ತುಂಬಿದರೆ ಹೊಗೆ ಒಳಗೇ ಉಸಿರುಗಟ್ಟುತ್ತದೆ, ಸಡಿಲ ಬಿಟ್ಟರೆ ಸದ್ದು ನಿಲ್ಲುವುದಿಲ್ಲ. ಗಾಡಿ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಹೋಗಿ, ಮರುದಿನ ಬಂದು ಚಾಲೂ ಮಾಡಿದಾಗ ಎದುರಿನ ಅಂಗಡಿಯವರು ತಲೆ ಎತ್ತಲಿಲ್ಲ. ಸದ್ದು ಗಂಭೀರವಾಗಿ, ಕೆಳದನಿಯಲ್ಲಿ ಮಾತಾಡುವ ದೊಡ್ಡ ಮನುಷ್ಯರ ಹಾಗೆ ಬರುತ್ತಿತ್ತು.

ಕೆಲಸ ಮುಗಿಯಿತೆಂದುಕೊಂಡು ತಿಕೋಟಾಕ್ಕೆ ಹೊರಟೆ. ಊರು ದಾಟಿ ಏರು ಬಂದಾಗ ಗಾಡಿ ಎಳೆಯಲಿಲ್ಲ. ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರ್ ಪಟ್ ಪಟ್ ಎಂದು ಪಟಾಕಿ ಹಾರಿಸಿತು. ಮನೆಗೆ ಬಂದಾಗ ಅವ್ವ ಅಂಗಳದಲ್ಲಿ ಶೇಂಗಾ ಆರಿಸುತ್ತಿದ್ದಳು.

"ಏನವ್ವಾ, ಗಾಡಿ ಕೆಮ್ಮಾಕತ್ತೈತಿ?" ಎಂದಳು.

"ಹಸದೈತಿ ಬೇ," ಎಂದೆ. ಬಾಯಿಗೆ ಬಂದದ್ದು ಹೇಳಿದ್ದೆ, ಆದರೆ ಆಡಿದ ಮೇಲೆ ಅದೇ ಸರಿ ಅನ್ನಿಸಿತು. ಎಂಜಿನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ಸುಣ್ಣ ಬಳಿದಂತೆ ಬಿಳಿ. ಹೊಸ ಕೊಳವೆಯಲ್ಲಿ ಹೊಗೆ ಸರಾಗವಾಗಿ ಹೋಗುತ್ತದೆ, ಹಾಗಾಗಿ ಎಂಜಿನ್ ಗಾಳಿಯನ್ನು ಹೆಚ್ಚು ಎಳೆದುಕೊಳ್ಳುತ್ತದೆ, ಪೆಟ್ರೋಲು ಮಾತ್ರ ಮೊದಲಿನಷ್ಟೇ ಸಿಗುತ್ತಿದೆ. ಮೇಲಿನ ದಾರ ಬಿಗಿಯಾಗಿ ಬಾಬಿನ್ನಿನ ದಾರ ಸಡಿಲಾದರೆ ಹೊಲಿಗೆ ಕೆಡುವ ಲೆಕ್ಕವೇ ಇದು.

ಚಾಚಾನಿಗೆ ಫೋನು ಮಾಡಿದೆ. "ಕಾರ್ಬೊರೇಟರಿನ ಜೆಟ್ ಒಂದ ಸೈಜ್ ದೊಡ್ಡದ ಹಾಕಬೇಕು," ಎಂದ. ಜೆಟ್ ಎಂದರೆ ಪೆಟ್ರೋಲು ಹಾಯುವ ಸಣ್ಣ ತೂತಿನ ಹಿತ್ತಾಳೆ ಬಿರಡೆ, ಬಾಬಿನ್ ಕೇಸಿನ ಸ್ಕ್ರೂಗಿಂತ ಸ್ವಲ್ಪ ದಪ್ಪ. ತಂದು ನಾನೇ ಹಾಕಿದೆ. ಈಗ ಗಾಡಿ ಎಳೆಯಿತು, ಆದರೆ ನಿಂತಲ್ಲಿ ಉಸಿರುಗಟ್ಟಿ ಪೆಟ್ರೋಲು ವಾಸನೆ ಬಿಟ್ಟಿತು. ಪ್ಲಗ್ ನೋಡಿದರೆ ಮಸಿ. ಹಸಿವು ಹೋಗಿ ಅಜೀರ್ಣವಾಗಿತ್ತು. ಗಾಳಿ–ಪೆಟ್ರೋಲು ಹದ ಮಾಡುವ ಸ್ಕ್ರೂ ಒಂದಿದೆ, ಅದನ್ನು ಒಂದಿಷ್ಟೇ ತಿರುಗಿಸುವುದು, ಎಂಜಿನಿನ ದನಿ ಕೇಳುವುದು, ದಾರಿಯ ಮೇಲಿನ ಊರು ಸನಾಲಿಗೆ ಹೋಗಿ ಬರುವುದು, ಪ್ಲಗ್ ಬಿಚ್ಚಿ ಬಣ್ಣ ನೋಡುವುದು. ಆ ವಾರವಿಡೀ ನನ್ನ ಸಂಜೆಗಳು ತಿಕೋಟಾ–ಬಬಲೇಶ್ವರ ರಸ್ತೆಯಲ್ಲೇ ಕಳೆದವು. ಅವ್ವ ಅಂಗಳದಿಂದ ನೋಡುತ್ತಿದ್ದಳು, ಬೈಯಲಿಲ್ಲ. ಒಂದು ಸಂಜೆ ಪ್ಲಗ್ ಬಿಚ್ಚಿ ಅಂಗೈಯಲ್ಲಿ ಹಿಡಿದು ಅವಳಿಗೆ ತೋರಿಸಿದೆ.

"ಈ ಬಣ್ಣಾ ಬರಬೇಕಿತ್ತು ಬೇ."

ಅವಳು ಕಣ್ಣು ಕಿರಿದು ಮಾಡಿ ನೋಡಿ, "ಹುರದ ಶೇಂಗಾ ಸಿಪ್ಪಿ ಇದ್ದಂಗ ಐತಲ್ಲ," ಎಂದಳು. ಅದಕ್ಕಿಂತ ಸರಿಯಾಗಿ ಯಾವ ಮೇಸ್ತ್ರಿಯೂ ಹೇಳಲಾರ. ಮರುದಿನ ಅವಳನ್ನೇ ಹಿಂದೆ ಕೂಡಿಸಿಕೊಂಡು ಬಬಲೇಶ್ವರಕ್ಕೆ ಹೋದೆ. ಏರಿನಲ್ಲಿ ಗಾಡಿ ಒಮ್ಮೆಯೂ ಮುಗ್ಗರಿಸಲಿಲ್ಲ. ಅವ್ವ ನನ್ನ ಹೆಗಲು ಹಿಡಿದುಕೊಂಡು ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು, ನನಗೆ ಒಂದೊಂದು ಮಾತೂ ಕೇಳಿಸಿತು.

ತಿಂಗಳು ಕಳೆದಿರಬೇಕು, ಸೂಜಿ ತರಲು ವಿಜಯಪುರಕ್ಕೆ ಹೋಗಿದ್ದಾಗ ಗಾಂಧಿ ಚೌಕದಲ್ಲಿ ಟ್ರಾಫಿಕ್ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ನನಗೆ ಅರ್ಥವಾಗಲಿಲ್ಲ. ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ತಡೆದವರಲ್ಲ. ತಪಾಸಣೆ ನಡೆದಿದ್ದಾಗಲೂ ಪಕ್ಕದ ಗಾಲಿ ನೋಡಿದ ಕೂಡಲೇ, ಹೋಗಿ ಹೋಗಿ ಎಂದು ಕೈ ಬೀಸಿಬಿಡುತ್ತಿದ್ದರು. ನನ್ನ ಕಾಗದಪತ್ರ ಯಾರೂ ಕೇಳಿದ್ದಿಲ್ಲ.

"ಅಕ್ಕಾರ, ಗಾಡಿ ಬಾಜೂಕ ತಗೋರಿ. ಇದು ಕಂಪನಿ ಸೈಲೆನ್ಸರ್ ಅಲ್ಲಲ್ಲ?"

"ಅಲ್ರಿ."

"ಕಾಗದಪತ್ರ ತೋರಸ್ರಿ." ತೋರಿಸಿದೆ. ಎಲ್ಲ ಸರಿಯಿದ್ದವು. "ಚಾಲೂ ಮಾಡ್ರಿ. ಹಾಂ, ಈಗ ರೇಸ್ ಮಾಡ್ರಿ."

ಮಾಡಿದೆ. ಅವರು ಬಗ್ಗಿ ಕಿವಿ ಕೊಟ್ಟರು. ಇನ್ನೊಮ್ಮೆ ಮಾಡಿಸಿದರು. ಆಚೆ ನಿಂತಿದ್ದ ಮತ್ತೊಬ್ಬರನ್ನೂ ಕರೆದು ಕೇಳಿಸಿದರು.

"ಆವಾಜ ಇಲ್ಲಲ್ಲ ಇದರದು," ಎಂದರು ಎರಡನೆಯವರು. "ಯಾರ ಕೂಡಿಸ್ಯಾರ್ರಿ ಇದನ್ನ?"

"ನಾನ ರೀ."

"ನೀವ?"

"ಹೂಂರಿ. ಕೂಡಿಸಿದಾಕೀನೂ ನಾನ, ಟ್ಯೂನಿಂಗ್ ಮಾಡಿದಾಕೀನೂ ನಾನ."

ಇಬ್ಬರೂ ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಮೊದಲನೆಯವರು ಕಾಗದ ಮರಳಿಸುತ್ತಾ, "ಹೋಗ್ರಿ. ನಮ್ಮ ತಕರಾರು ಸಪ್ಪಳಕ್ಕ," ಎಂದರು. ಅಲ್ಲಿಂದ ಹೊರಟಾಗ ನನ್ನ ಬೆನ್ನು ತಾನಾಗಿಯೇ ಸೆಟೆದಿತ್ತು. ಬಿಟ್ಟು ಕಳಿಸಿದರೆಂದಲ್ಲ, ಹಿಡಿದು ನಿಲ್ಲಿಸಿದರೆಂದು. ಊರಿನ ಉಳಿದೆಲ್ಲ ಸವಾರರಂತೆ ನನ್ನನ್ನೂ ಅನುಮಾನಿಸಿದ್ದರು, ತಪಾಸಣೆ ಮಾಡಿದ್ದರು. ಕರುಣೆಯಿಂದ ದಾಟಿಸಲಿಲ್ಲ. ನನ್ನ ಕೆಲಸ ಸರಿಯಿತ್ತು, ಅದಕ್ಕೆ ದಾಟಿದೆ.

ಮಳೆಗಾಲ ಕಳೆದ ಮೇಲೆ ಒಂದು ಮುಂಜಾನೆ ಮನೆ ಮುಂದೆ ಟಣ್ ಟಣ್ ಸದ್ದಾಯಿತು. ಕನಮಡಿಯಿಂದ ಬಂದ ಕಿರಾಣಿ ಅಂಗಡಿಯವರು, ನನ್ನಂಥದೇ ನಾಲ್ಕು ಗಾಲಿಯ ಸ್ಕೂಟರ್. ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದರು.

"ಗಾಂಧಿ ಚೌಕದಾಗಿನ ಚಾಚಾ ಕಳಿಸ್ಯಾರ್ರಿ," ಎಂದರು. "ಇದು ನನ್ನ ಕೆಲಸ ಅಲ್ಲ, ತಿಕೋಟಾಕ ಹೋಗು, ಅಲ್ಲಿ ಒಬ್ರು ಅಕ್ಕಾರದಾರ, ಇದರಾಗ ಅವರ ಉಸ್ತಾದ ಅಂದ್ರು."

ಚಾಚಾ ಯಾರನ್ನೂ ಉಸ್ತಾದ ಎಂದವನಲ್ಲ. ನಾನು ಸೀರೆ ಸೆರಗು ಬಿಗಿದು ಅವರ ಗಾಡಿಯ ಪಕ್ಕ ಕೂತೆ. ಅವರಿಗೆ ಸೀಟು ಒತ್ತಲು ಹೇಳಿ ಕೆಳಗಿಂದ ನೋಡಿದೆ. ನೋಡುವುದೇ ಬೇಕಿರಲಿಲ್ಲ, ಅದೇ ತಪ್ಪು. ಅವರನ್ನೂ ಕೆಳಗೆ ಕರೆದು ತೋರಿಸಿದೆ. ಬೇಗ ಅರ್ಥಮಾಡಿಕೊಂಡರು. ಅವರ ಗಾಡಿಯ ಅಳತೆ ಬೇರೆ, ಹಾಗಾಗಿ ಪಟ್ಟಿ ಹೊಸದಾಗಿ ಕತ್ತರಿಸಿದೆವು, ಊರಿನ ವೆಲ್ಡಿಂಗ್ ಅಂಗಡಿಗೆ ಎರಡು ಸಲ ಓಡಾಡಿದೆವು. ಮಧ್ಯಾಹ್ನದ ಹೊತ್ತಿಗೆ ಗಾಡಿ ಸಿದ್ಧವಾಯಿತು.

ಅವರು ಕನಮಡಿ ರಸ್ತೆಯಲ್ಲಿ ಕಣ್ಣಿಗೆ ಕಾಣದಷ್ಟು ದೂರ ಹೋಗಿ ತಿರುಗಿ ಬಂದರು. ಮುಖ ತುಂಬ ನಗು.

"ಅಕ್ಕಾರ, ಗಾಳಿ ಸಪ್ಪಳ ಕೇಳಾಕತ್ತೈತ್ರಿ! ಇಷ್ಟ ದಿನಾ ಗಾಡಿ ಮ್ಯಾಲ ಕುಂತ್ರ ಗಾಳಿ ಸಪ್ಪಳ ಇರತೈತಿ ಅನ್ನೂದ ಗೊತ್ತಿರ್ಲಿಲ್ಲ."

ಅವ್ವ ಆಗಲೇ ಪಡಸಾಲೆಯಲ್ಲಿ ತಾಟು ಇಟ್ಟಿದ್ದಳು. "ಊಟಾ ಮಾಡ್ಕೊಂಡ ಹೋಗ್ರಿ ಯಪ್ಪಾ," ಎಂದು ಅವರನ್ನು ಕರೆದಳು. ರೊಟ್ಟಿ ಬಡಿಸುತ್ತಾ ನನ್ನ ಕಡೆ ಕೈ ಮಾಡಿ, ತಾನೇ ಎಲ್ಲ ಕಲಿಸಿದವಳಂತೆ ಹೇಳಿದಳು: "ಪ್ಲಗ್ಗಿನ ಬಣ್ಣಾ ನೋಡ್ಕೋತ ಇರ್ರಿ. ಬೆಳ್ಳಗಾದ್ರ ಫೋನ್ ಮಾಡ್ರಿ, ನಮ್ಮಾಕಿ ಬರತಾಳ."